ಪೆನ್ಸಿಲ್ವೇನಿಯಾದಲ್ಲಿ ಕಡಿಮೆ ಆದಾಯದ ನೈಸರ್ಗಿಕ ಅನಿಲ ಗ್ರಾಹಕರ ನೆರವು ಕಾರ್ಯಕ್ರಮಗಳು

ಪೆನ್ಸಿಲ್ವೇನಿಯಾದಲ್ಲಿ ಕಡಿಮೆ ಆದಾಯದ ನೈಸರ್ಗಿಕ ಅನಿಲ ಗ್ರಾಹಕರ ನೆರವು ಕಾರ್ಯಕ್ರಮಗಳು ಅಮೇರಿಕ ಸಂಯುಕ್ತ ಸಂಸ್ಥಾನದ ಈ ರಾಜ್ಯದಲ್ಲಿ ಬಡ ಕುಟುಂಬಗಳು ಮನೆಯ ಅನಿಲ ಸಂಪರ್ಕವನ್ನು ಉಳಿಸಿಕೊಳ್ಳಲು ನೆರವಾಗುವ ಯೋಜನೆಗಳಾಗಿವೆ. ಇವನ್ನು ಅನಿಲ ವಿತರಣಾ ಕಂಪನಿಗಳು ನಡೆಸುತ್ತವೆ. ಪೆನ್ಸಿಲ್ವೇನಿಯಾ ಪಬ್ಲಿಕ್ ಯುಟಿಲಿಟಿ ಕಮಿಷನ್ ಎಂಬ ರಾಜ್ಯ ಆಯೋಗವು ನಿಯಂತ್ರಿಸುತ್ತದೆ. ಆಯೋಗದ ಐವರು ಸದಸ್ಯರನ್ನು ರಾಜ್ಯಪಾಲರು ಸೆನೆಟ್‌ನ ಒಪ್ಪಿಗೆಯೊಂದಿಗೆ ನೇಮಿಸುತ್ತಾರೆ.

ಹಿನ್ನೆಲೆ

ಪೆನ್ಸಿಲ್ವೇನಿಯಾದ ಚಳಿಗಾಲ ತೀವ್ರವಾದದ್ದು. ಅಲ್ಲಿನ ಬಹಳಷ್ಟು ಮನೆಗಳು ಕೊಳವೆ ಮೂಲಕ ಬರುವ ನೈಸರ್ಗಿಕ ಅನಿಲದಿಂದಲೇ ಬೆಚ್ಚಗಿರುತ್ತವೆ. ಆದ್ದರಿಂದ ಬಿಲ್ಲು ಕಟ್ಟಲಾಗದೆ ಸಂಪರ್ಕ ಕಡಿತಗೊಂಡರೆ ಅದು ಆರೋಗ್ಯ ಮತ್ತು ಸುರಕ್ಷತೆಯ ಪ್ರಶ್ನೆಯಾಗುತ್ತದೆ. 1999ರ ಜೂನ್ 22ರಂದು ಅಂಗೀಕೃತವಾದ ನೈಸರ್ಗಿಕ ಅನಿಲ ಆಯ್ಕೆ ಮತ್ತು ಸ್ಪರ್ಧಾ ಕಾಯ್ದೆಯು ಗ್ರಾಹಕರಿಗೆ ತಮ್ಮ ಅನಿಲ ಪೂರೈಕೆದಾರರನ್ನು ಆರಿಸಿಕೊಳ್ಳುವ ಅವಕಾಶ ನೀಡಿತು. ಆದರೆ ಕೊಳವೆ ಜಾಲವು ಆಯಾ ಪ್ರದೇಶದ ವಿತರಣಾ ಕಂಪನಿಯ ಬಳಿಯೇ ಉಳಿಯಿತು. ಸ್ಪರ್ಧೆಯ ನಡುವೆ ಬಡ ಗ್ರಾಹಕರು ಹಿಂದುಳಿಯದಂತೆ, ಪ್ರತಿ ವಿತರಣಾ ಪ್ರದೇಶದಲ್ಲೂ 'ಸಾರ್ವತ್ರಿಕ ಸೇವೆ ಮತ್ತು ಇಂಧನ ಸಂರಕ್ಷಣೆ' ಕಾರ್ಯಕ್ರಮಗಳು ಲಭ್ಯವಿರಬೇಕು ಹಾಗೂ ಅವುಗಳಿಗೆ ಸೂಕ್ತ ಹಣಕಾಸು ದೊರೆಯಬೇಕು ಎಂದು ಅದೇ ಕಾಯ್ದೆ ವಿಧಿಸಿತು.

ಕಾರ್ಯಕ್ರಮಗಳು

ಒಕ್ಕೂಟ ಸರ್ಕಾರದ ಬಡತನ ಮಟ್ಟದ 150% ಅಥವಾ ಅದಕ್ಕಿಂತ ಕಡಿಮೆ ಆದಾಯವಿರುವ ಕುಟುಂಬಗಳನ್ನು ಸಾಮಾನ್ಯವಾಗಿ ಕಡಿಮೆ ಆದಾಯದವು ಎಂದು ಪರಿಗಣಿಸಲಾಗುತ್ತದೆ. ಮುಖ್ಯ ಕಾರ್ಯಕ್ರಮಗಳು ನಾಲ್ಕು:

• ಗ್ರಾಹಕ ನೆರವು ಕಾರ್ಯಕ್ರಮ: ರಿಯಾಯಿತಿ ಬಿಲ್ಲನ್ನು ನಿಯಮಿತವಾಗಿ ಪಾವತಿಸಿದರೆ ಹಳೆಯ ಬಾಕಿಯನ್ನು ಹಂತಹಂತವಾಗಿ ಮನ್ನಾ ಮಾಡಲಾಗುತ್ತದೆ.
• ಬಳಕೆ ಇಳಿಕೆ ಕಾರ್ಯಕ್ರಮ: ಗೋಡೆ, ಮಾಳಿಗೆಗಳಿಗೆ ಉಷ್ಣ ನಿರೋಧಕ ಅಳವಡಿಸುವುದು, ಗಾಳಿ ಸೋರುವ ಸಂದುಗಳನ್ನು ಮುಚ್ಚುವುದು ಮುಂತಾದ ಕ್ರಮಗಳ ಮೂಲಕ ಅನಿಲದ ಬಳಕೆಯನ್ನೇ ತಗ್ಗಿಸಲಾಗುತ್ತದೆ.
• ಮಾರ್ಗದರ್ಶನ ಸೇವೆ: ಅನಾರೋಗ್ಯ, ಉದ್ಯೋಗ ನಷ್ಟ ಮುಂತಾದ ಕಷ್ಟದಲ್ಲಿರುವವರಿಗೆ ಇತರ ನೆರವಿನ ಮೂಲಗಳನ್ನು ತೋರಿಸಲಾಗುತ್ತದೆ.
• ಸಂಕಷ್ಟ ನಿಧಿ: ದೇಣಿಗೆ ಮುಂತಾದ ಮೂಲಗಳ ಹಣದಿಂದ ತುರ್ತು ನೆರವು ನೀಡಲಾಗುತ್ತದೆ.

ಇವಲ್ಲದೆ, 1981ರ ಕಾನೂನಿನಡಿ ಒಕ್ಕೂಟ ಸರ್ಕಾರವು ಗೃಹ ಇಂಧನ ನೆರವಿನ ಅನುದಾನವನ್ನು ಪ್ರತ್ಯೇಕವಾಗಿ ಒದಗಿಸುತ್ತದೆ.

ನಿಯಂತ್ರಣ

ದೊಡ್ಡ ವಿತರಣಾ ಕಂಪನಿಗಳು ತಮ್ಮ ಸಾರ್ವತ್ರಿಕ ಸೇವಾ ಯೋಜನೆಯನ್ನು ನಿಯತಕಾಲಿಕವಾಗಿ ಆಯೋಗದ ಒಪ್ಪಿಗೆಗೆ ಸಲ್ಲಿಸಬೇಕು. ಸಂಪರ್ಕ ಕಡಿತ, ಬಾಕಿ ಮತ್ತು ಕಾರ್ಯಕ್ರಮದ ವೆಚ್ಚಗಳ ಅಂಕಿಅಂಶಗಳನ್ನು ಪ್ರತಿವರ್ಷ ವರದಿ ಮಾಡಬೇಕು. ಕಾರ್ಯಕ್ರಮಗಳ ಸ್ವತಂತ್ರ ಮೌಲ್ಯಮಾಪನವೂ ನಡೆಯಬೇಕು.

ಗ್ರಾಹಕ ನೆರವು ಕಾರ್ಯಕ್ರಮದ ನೀತಿ ಹೇಳಿಕೆಯನ್ನು ಆಯೋಗವು 1992ರಲ್ಲಿ ಮೊದಲು ಹೊರಡಿಸಿತು. 2019ರ ನವೆಂಬರ್‌ನಲ್ಲಿ ಅದನ್ನು ಪರಿಷ್ಕರಿಸಿ, ಅನಿಲದಿಂದ ಮನೆ ಬೆಚ್ಚಗಿಡುವ ಕುಟುಂಬದ ಅನಿಲ ಬಿಲ್ಲು ಆದಾಯದ ಇಂತಿಷ್ಟು ಪಾಲನ್ನು ಮೀರಬಾರದೆಂದು ಸೂಚಿಸಿತು. ಬಡತನ ಮಟ್ಟದ 50%ವರೆಗಿನ ಆದಾಯದವರಿಗೆ ಈ ಮಿತಿ 4%. 51%ರಿಂದ 150%ವರೆಗಿನವರಿಗೆ 6%. ಮೊದಲ ವರ್ಗದ ಕುಟುಂಬವೊಂದರ ಮಾಸಿಕ ಆದಾಯ 1,000 ಡಾಲರ್ ಆಗಿದ್ದರೆ ಅನಿಲದ ಬಿಲ್ಲು 40 ಡಾಲರ್‌ಗೆ ಸೀಮಿತವಾಗುತ್ತದೆ. ನೀತಿ ಹೇಳಿಕೆಯು ಮಾರ್ಗಸೂಚಿಯೇ ಹೊರತು ಕಾನೂನಿನಷ್ಟು ಬದ್ಧಗೊಳಿಸುವಂಥದ್ದಲ್ಲ.

2004ರ ಕಾಯ್ದೆಯೊಂದು ಬಾಕಿ ವಸೂಲಿಯ ನಿಯಮಗಳನ್ನು ಬಿಗಿಗೊಳಿಸಿತು. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ಬಡತನ ಮಟ್ಟದ 250%ವರೆಗಿನ ಆದಾಯದ ಕುಟುಂಬಗಳ ಸಂಪರ್ಕವನ್ನು ಆಯೋಗದ ಅನುಮತಿಯಿಲ್ಲದೆ ಕಡಿತಗೊಳಿಸುವುದನ್ನು ಅದು ಸಾಮಾನ್ಯವಾಗಿ ನಿಷೇಧಿಸಿತು. ಆದರೆ ರಿಯಾಯಿತಿ ಬಿಲ್ಲನ್ನೂ ಪಾವತಿಸದವರಿಗೆ ಆ ಬಾಕಿಯ ಮೇಲೆ ಕಂತಿನ ವ್ಯವಸ್ಥೆ ಮಾಡಿಕೊಡುವ ಅಧಿಕಾರವನ್ನು ಆಯೋಗಕ್ಕೆ ನೀಡಲಿಲ್ಲ. 2014ರಲ್ಲಿ ಈ ನಿಯಮಗಳನ್ನು ತಿದ್ದುಪಡಿಯೊಂದಿಗೆ 2024ರ ಅಂತ್ಯದವರೆಗೆ ವಿಸ್ತರಿಸಲಾಯಿತು.

ವೆಚ್ಚದ ಹಂಚಿಕೆ

ರಿಯಾಯಿತಿ ಹಾಗೂ ಬಾಕಿ ಮನ್ನಾದ ವೆಚ್ಚವನ್ನು ಕಂಪನಿಗಳು ದರದ ಮೂಲಕ ಇತರ ಗ್ರಾಹಕರಿಂದ ವಸೂಲಿ ಮಾಡುತ್ತವೆ. ಸಾಮಾನ್ಯವಾಗಿ ಈ ಹೊರೆ ಗೃಹಬಳಕೆಯ ಗ್ರಾಹಕರ ಮೇಲೆಯೇ ಬೀಳುತ್ತದೆ. ನಗರಾಡಳಿತದ ಒಡೆತನದ ಫಿಲಡೆಲ್ಫಿಯಾ ಗ್ಯಾಸ್ ವರ್ಕ್ಸ್ 2000ದ ಜುಲೈ 1ರಂದು ಆಯೋಗದ ನಿಯಂತ್ರಣಕ್ಕೆ ಒಳಪಟ್ಟಿತು; ಅಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರೂ ಪಾಲು ನೀಡುತ್ತಾರೆ.

ಬಿಲ್ಲಿನ ಮಿತಿ ಇಳಿದಷ್ಟೂ ಬಡ ಕುಟುಂಬಗಳು ಸಂಪರ್ಕ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಅಷ್ಟೇ ಹೊರೆ ಇತರರ ಬಿಲ್ಲಿಗೆ ಸೇರುತ್ತದೆ. ಈ ಇತರರಲ್ಲಿ ಆದಾಯದ ಮಿತಿಯನ್ನು ತುಸುವೇ ದಾಟಿ ನೆರವಿಗೆ ಅನರ್ಹರಾದವರೂ, ಅರ್ಹರಾಗಿದ್ದೂ ನೋಂದಾಯಿಸಿಕೊಳ್ಳದ ಕುಟುಂಬಗಳೂ ಇರುತ್ತವೆ. ಹೀಗಾಗಿ ಬಿಲ್ಲಿನ ಮಿತಿ ಮತ್ತು ವೆಚ್ಚದ ಹಂಚಿಕೆಗಳು ಆಯೋಗದ ಮುಂದಿನ ವಿಚಾರಣೆಗಳಲ್ಲಿ ಮುಖ್ಯ ಚರ್ಚೆಯ ವಿಷಯಗಳಾಗಿವೆ.