ದುಡಿಯುವ ಜೀವ ಅಗಲಿದಾಗ: ಕುಟುಂಬವು ತಿಳಿದಿರಬೇಕಾದ ನೆರವುಗಳು

ಮನೆಗೆ ಆಧಾರವಾಗಿದ್ದವರು ಅಕಾಲದಲ್ಲಿ ಲಿಂಗೈಕ್ಯರಾದಾಗ ಊರೇ ನೆರೆಯುತ್ತದೆ. ಅಂತ್ಯಕ್ರಿಯೆಯೂ ಶಿವಗಣಾರಾಧನೆಯೂ ಬಂಧುಬಳಗದ ಹೆಗಲ ಮೇಲೆ ನಡೆದುಹೋಗುತ್ತವೆ. ನೆಂಟರು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಸಾಲದ ಕಂತು, ಮಕ್ಕಳ ಶಾಲೆಯ ಶುಲ್ಕ, ದಿನಸಿಯ ಖರ್ಚು ಒಂದೊಂದಾಗಿ ಎದುರು ನಿಲ್ಲುತ್ತವೆ. ಮಠದ ಕಚೇರಿಗೆ ನೆರವು ಕೇಳಿ ಬರುವ ತಾಯಂದಿರಲ್ಲಿ ಅನೇಕರು ಬರುವ ಹೊತ್ತಿಗೆ ಆರು ತಿಂಗಳೋ ವರ್ಷವೋ ಕಳೆದಿರುತ್ತದೆ. ಅವರಿಗೆ ಸಲ್ಲಬೇಕಾದ ಹಣ ಬ್ಯಾಂಕಿನಲ್ಲೋ ಕಚೇರಿಯಲ್ಲೋ ಕೇಳುವವರಿಲ್ಲದೆ ಉಳಿದಿರುತ್ತದೆ.

ಇದಕ್ಕೆ ಮಾಹಿತಿಯ ಕೊರತೆ ಒಂದು ಕಾರಣ, ರೂಢಿ ಇನ್ನೊಂದು ಕಾರಣ. ಶರಣರು ಮರಣಸೂತಕವೂ ಸೇರಿದಂತೆ ಪಂಚಸೂತಕಗಳನ್ನು ನಿರಾಕರಿಸಿದರು. ಆದರೂ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳು ಇಂತಿಷ್ಟು ದಿನ ಹೊಸಿಲು ದಾಟಬಾರದೆಂಬ ನಿರ್ಬಂಧ ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಕಚೇರಿಗಳ ಗಡುವು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ಆದುದರಿಂದ ಮೊದಲ ಕೆಲವು ವಾರಗಳಲ್ಲಿ ಆಗಬೇಕಾದ ಕೆಲಸಗಳನ್ನು ಸದ್ಭಕ್ತರ ತಿಳಿವಳಿಕೆಗಾಗಿ ಇಲ್ಲಿ ಕ್ರಮವಾಗಿ ನೀಡಲಾಗಿದೆ.

೧. ಮರಣ ಪ್ರಮಾಣಪತ್ರ

ಮುಂದಿನ ಎಲ್ಲ ಕೆಲಸಗಳಿಗೂ ಇದೇ ಕೀಲಿಕೈ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ತಡವಾದಷ್ಟೂ ದಂಡ ಶುಲ್ಕ, ಮೇಲಧಿಕಾರಿಗಳ ಅನುಮತಿ ಎಂದು ಅಲೆದಾಟ ಹೆಚ್ಚುತ್ತದೆ. ನೋಂದಣಿಯು ಮರಣ ಸಂಭವಿಸಿದ ಸ್ಥಳದಲ್ಲಿ ಆಗುತ್ತದೆಯೇ ಹೊರತು ಸ್ವಂತ ಊರಿನಲ್ಲಿ ಅಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡವರ ಪ್ರಮಾಣಪತ್ರವನ್ನು ಹಳ್ಳಿಯಲ್ಲಿ ಕೇಳಿ ಪ್ರಯೋಜನವಿಲ್ಲ. ಹೆಸರಿನ ಕಾಗುಣಿತ ಆಧಾರ್ ಚೀಟಿಯಲ್ಲಿರುವಂತೆಯೇ ಇದೆಯೆ ಎಂದು ಅಲ್ಲಿಯೇ ನೋಡಿಕೊಳ್ಳಿರಿ. ಒಂದಕ್ಷರ ತಪ್ಪಿದರೂ ಮುಂದೆ ಪ್ರತಿ ಕಚೇರಿಯಲ್ಲೂ ತೊಡಕಾಗುತ್ತದೆ. ಹಲವು ಪ್ರತಿಗಳನ್ನು ಒಮ್ಮೆಗೇ ಪಡೆದಿಟ್ಟುಕೊಳ್ಳುವುದು ಒಳಿತು.

ಇದರ ಜೊತೆಗೆ ನಾಡಕಚೇರಿಯಲ್ಲಿ ಜೀವಂತ ಸದಸ್ಯರ ಪ್ರಮಾಣಪತ್ರಕ್ಕೂ ಅರ್ಜಿ ಸಲ್ಲಿಸಬೇಕು. ವಾರಸುದಾರರು ಯಾರೆಂದು ತೋರಿಸಲು ಇದು ಬೇಕಾಗುತ್ತದೆ.

೨. ಬ್ಯಾಂಕಿನ ಪಾಸ್‌ಬುಕ್

ಅಗಲಿದವರ ಎಲ್ಲ ಪಾಸ್‌ಬುಕ್‌ಗಳನ್ನೂ ಹುಡುಕಿ, ಹಿಂದಿನ ಒಂದು ವರ್ಷದ ನಮೂದುಗಳನ್ನು ಸಾವಧಾನವಾಗಿ ಓದಿರಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ವಾರ್ಷಿಕ ಕಂತು ಆಗಿರಬಹುದು. 18ರಿಂದ 50 ವರ್ಷದೊಳಗೆ ಸೇರಿದವರಿಗೆ ಈ ವಿಮೆ 55ನೆಯ ವಯಸ್ಸಿನವರೆಗೆ ಮುಂದುವರಿಯುತ್ತದೆ. ನಾಮನಿರ್ದೇಶಿತರಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ. 20 ರೂಪಾಯಿಯ ಕಡಿತವು ಸುರಕ್ಷಾ ವಿಮೆಯದಾಗಿರಬಹುದು. ಅಪಘಾತದಿಂದ ಮರಣವಾಗಿದ್ದರೆ ಅದರಿಂದಲೂ 2 ಲಕ್ಷ ರೂಪಾಯಿ ಬರುತ್ತದೆ. ಇದಕ್ಕೆ ಪೊಲೀಸ್ ದೂರಿನ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿಗಳು ಬೇಕು. ಹಾವು ಕಡಿದು ಅಥವಾ ಮರದಿಂದ ಬಿದ್ದು ಮಡಿದ ಸಂದರ್ಭದಲ್ಲಿ ಆಸ್ಪತ್ರೆಯ ದಾಖಲೆ ಆಧಾರವಾಗುತ್ತದೆ. ಈ ಕಂತುಗಳು ತಾವಾಗಿಯೇ ಕಡಿತವಾಗುವುದರಿಂದ ಮನೆಯವರಿಗೆ ವಿಮೆಯ ಸುಳಿವೇ ಇರುವುದಿಲ್ಲ. ಮೂವತ್ತು ದಿನಗಳೊಳಗೆ ಬ್ಯಾಂಕಿನ ಶಾಖೆಗೆ ಹೋಗಿ ವಿಚಾರಿಸಿರಿ.

ಸಹಕಾರಿ ಸಂಘದಲ್ಲೋ ಸ್ವಸಹಾಯ ಸಂಘದಲ್ಲೋ ಸಾಲವಿದ್ದರೆ, ಅದಕ್ಕೆ ವಿಮೆ ಮಾಡಲಾಗಿತ್ತೆ ಎಂಬುದನ್ನು ಕೇಳಿ ತಿಳಿದ ಮೇಲೆಯೇ ಮರುಪಾವತಿಯ ಮಾತಾಡಬೇಕು. ಕಾರ್ಖಾನೆ ಅಥವಾ ಸಂಸ್ಥೆಯಲ್ಲಿ ಭವಿಷ್ಯನಿಧಿ ಕಡಿತವಾಗುತ್ತಿದ್ದರೆ ನಿಧಿಯ ಹಣದೊಂದಿಗೆ 7 ಲಕ್ಷ ರೂಪಾಯಿವರೆಗಿನ ವಿಮೆ, ಪತ್ನಿ ಮಕ್ಕಳಿಗೆ ಪಿಂಚಣಿ ಇರುತ್ತವೆ. ಗಾರೆ, ಮರಗೆಲಸ, ಬಣ್ಣದ ಕೆಲಸ ಮಾಡುತ್ತಿದ್ದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಯನ್ನು ಕಾಣಬೇಕು.

೩. ಸರ್ಕಾರದ ಸಹಾಯಧನ ಮತ್ತು ಮಾಸಾಶನ

ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ 18ರಿಂದ 59 ವರ್ಷದೊಳಗಿನ ದುಡಿಯುವ ಸದಸ್ಯರು ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಡಿ ಒಮ್ಮೆ 20,000 ರೂಪಾಯಿ ದೊರೆಯುತ್ತದೆ. ಪತಿಯನ್ನು ಕಳೆದುಕೊಂಡವರಿಗೆ ವಿಧವಾ ವೇತನ, 65 ವರ್ಷ ದಾಟಿದ ಹಿರಿಯರಿಗೆ ಸಂಧ್ಯಾ ಸುರಕ್ಷಾ, ಶೇ. 40ಕ್ಕೂ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಮಾಸಾಶನ ಇವೆ. ಮಗನನ್ನು ಕಳೆದುಕೊಂಡ ವೃದ್ಧ ತಂದೆತಾಯಿಯರನ್ನು ಈ ಹೊತ್ತಿನಲ್ಲಿ ಮರೆಯುವುದುಂಟು. ಅವರ ಅರ್ಜಿಯನ್ನೂ ಜೊತೆಯಲ್ಲೇ ಸಲ್ಲಿಸಬೇಕು. ಪಡಿತರ ಚೀಟಿಯನ್ನು ಸರಿಪಡಿಸಿ ಮನೆಯೊಡತಿಯ ಹೆಸರಿಗೆ ಮಾಡಿಸುವುದೂ ಅಗತ್ಯ.

ಅರ್ಜಿಗಳನ್ನು ನಾಡಕಚೇರಿಯಲ್ಲಿ ಸಲ್ಲಿಸಬಹುದು. ಸಕಾಲ ಸೇವೆಗಳಿಗೆ ಹದಿನೈದು ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಕೊಡುತ್ತಾರೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಗೊತ್ತುಪಡಿಸಿದ ಅವಧಿಯಲ್ಲಿ ಸೇವೆ ದೊರೆಯದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕು 2011ರ ಸಕಾಲ ಅಧಿನಿಯಮದಿಂದ ನಾಗರಿಕರಿಗೆ ಬಂದಿದೆ. ಇದು ಬೇಡಿ ಪಡೆಯುವ ಭಿಕ್ಷೆಯಲ್ಲ, ಸಂಕೋಚಪಡಬೇಕಾಗಿಲ್ಲ.

೪. ಮಕ್ಕಳ ಪಾಲನೆ ಮತ್ತು ಓದು

ತಂದೆಯಿಲ್ಲದ ಮಗುವನ್ನು ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚುವುದು, ಜವಾಬ್ದಾರಿ ಕಳೆದುಕೊಳ್ಳಲು ಹೆಣ್ಣುಮಗುವಿಗೆ ಅವಸರದ ಮದುವೆ ಮಾಡುವುದು ದುಃಖದ ಮೇಲೆ ಹೇರುವ ಮತ್ತೊಂದು ದುಃಖ. ಹದಿನೆಂಟು ತುಂಬದ ಹೆಣ್ಣುಮಗುವಿನ ಮದುವೆಯು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯು ತಾಯಿಯ ಬಳಿಯೇ ಬೆಳೆಯುವ ಇಂತಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೀಡುತ್ತದೆ. ಕುಟುಂಬದ ವಾರ್ಷಿಕ ವರಮಾನ ಗ್ರಾಮಾಂತರದಲ್ಲಿ 72,000, ನಗರದಲ್ಲಿ 96,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ದೊರೆಯುತ್ತದೆ; ಅಂಗನವಾಡಿ ಕಾರ್ಯಕರ್ತೆಯರು ದಾರಿ ತೋರಬಲ್ಲರು.

ಆರನೆಯ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ. ಸರ್ಕಾರದ ವಿದ್ಯಾರ್ಥಿನಿಲಯಗಳಿವೆ. ಸಿದ್ಧಗಂಗೆ, ಸುತ್ತೂರು ಮೊದಲಾದ ಮಠಗಳು ಅನ್ನ, ಅಕ್ಷರ, ಆಶ್ರಯಗಳ ದಾಸೋಹವನ್ನು ಜಾತಿಭೇದವಿಲ್ಲದೆ ನಡೆಸಿಕೊಂಡು ಬಂದಿವೆ. ಪ್ರವೇಶಕ್ಕಾಗಿ ಬೇಸಿಗೆ ರಜೆ ಮುಗಿಯುವ ಮೊದಲೇ ವಿಚಾರಿಸುವುದು ಲೇಸು.

೫. ಆಸ್ತಿ ಮತ್ತು ಸಹಿ

ಜಮೀನಿದ್ದರೆ ಪೌತಿ ಖಾತೆಗೆ ಅರ್ಜಿ ಹಾಕಿ ಪಹಣಿಯಲ್ಲಿ ವಾರಸುದಾರರ ಹೆಸರು ಬರುವಂತೆ ನೋಡಿಕೊಳ್ಳಬೇಕು. ಲಿಂಗಾಯತರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲು ಬರೆಯದೆ ತೀರಿಕೊಂಡವರ ಸ್ವಂತ ಆಸ್ತಿಯಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಸಮಭಾಗಿಗಳು. ಕಣ್ಣೀರು ಆರದ ದಿನಗಳಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆದ ಉದಾಹರಣೆಗಳು ನಮ್ಮ ನಡುವೆಯೇ ಇವೆ ಎಂಬುದನ್ನು ನೋವಿನಿಂದ ಹೇಳಬೇಕಾಗಿದೆ. ಓದಿ ಅರ್ಥಮಾಡಿಕೊಳ್ಳದೆ ಯಾವ ಕಾಗದಕ್ಕೂ ಸಹಿ ಮಾಡಬಾರದು, ಹೆಬ್ಬೆಟ್ಟು ಒತ್ತಬಾರದು. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೂ ಮಕ್ಕಳಿಗೂ ವರಮಾನದ ಮಿತಿಯಿಲ್ಲದೆ ಉಚಿತವಾಗಿ ವಕೀಲರ ನೆರವು ಸಿಗುತ್ತದೆ.

೬. ನೆನಪಿನಲ್ಲಿಡಬೇಕಾದ ದೂರವಾಣಿ ಸಂಖ್ಯೆಗಳು

• ಮಕ್ಕಳ ಸಹಾಯವಾಣಿ: 1098
• ಮಹಿಳಾ ಸಹಾಯವಾಣಿ: 181
• ಹಿರಿಯರ ಸಹಾಯವಾಣಿ: 14567
• ಉಚಿತ ಕಾನೂನು ನೆರವು: 15100
• ಮನೋವೇದನೆಗೆ ಆಪ್ತಸಲಹೆ, ಟೆಲಿ ಮಾನಸ್: 14416
• ಯಾವುದೇ ತುರ್ತು ಸಂದರ್ಭ: 112

ಊಟ ನಿದ್ರೆ ಬಿಟ್ಟು ಬದುಕಿನ ಆಸೆಯನ್ನೇ ತೊರೆದಂತೆ ಮಾತಾಡುವವರು ಮನೆಯಲ್ಲಿದ್ದರೆ ಅವರನ್ನು ಒಂಟಿಯಾಗಿ ಬಿಡಬಾರದು. ಟೆಲಿ ಮಾನಸ್ ಸೇವೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಮಾತಾಡಬಹುದು.

೭. ನೆರೆಹೊರೆಯ ಹೊಣೆ

ಇಷ್ಟೆಲ್ಲ ಕೆಲಸಗಳನ್ನು ದುಃಖದಲ್ಲಿ ಮುಳುಗಿದ ಒಬ್ಬ ತಾಯಿ ತಾನೇ ಮಾಡಲಿ ಎಂದು ಬಿಡುವುದು ನ್ಯಾಯವಲ್ಲ. ಪ್ರತಿ ಊರಿನ ಭಕ್ತಮಂಡಳಿಯಲ್ಲಿ ಓದುಬರಹ ಬಲ್ಲ ಇಬ್ಬರು, ಅವರಲ್ಲಿ ಒಬ್ಬರಾದರೂ ಮಹಿಳೆ, ಈ ಕಾಯಕವನ್ನು ವಹಿಸಿಕೊಳ್ಳಲಿ. ಮೊದಲ ವಾರ ಪ್ರಮಾಣಪತ್ರ, ಎರಡನೆಯ ವಾರ ಬ್ಯಾಂಕು, ಮೂರನೆಯ ವಾರ ನಾಡಕಚೇರಿ ಎಂದು ಕೆಲಸ ಹಂಚಿಕೊಂಡು ಜೊತೆಗೆ ನಡೆಯಲಿ. ಮೂಲ ದಾಖಲೆಗಳು ಮತ್ತು ಹಣ ಮನೆಯವರ ಕೈಯಲ್ಲೇ ಇರಲಿ.

ಸಾವಿನ ಮನೆಗೆ ಹೋಗಿ ಎರಡು ಸಮಾಧಾನದ ಮಾತಾಡಿ ಬರುವುದು ಸೌಜನ್ಯ. ತಿಂಗಳು ಕಳೆದ ಮೇಲೆ ಮತ್ತೆ ಆ ಮನೆಯ ಬಾಗಿಲಿಗೆ ಹೋಗಿ, "ತಾಯಿ, ಯಾವ ಕಾಗದ ಬಾಕಿ ಇದೆ?" ಎಂದು ಕೇಳುವುದು ದಾಸೋಹ.