ಅಸೈನ್‌ಮೆಂಟ್: ಅರ್ಥ್ (ಸ್ಟಾರ್ ಟ್ರೆಕ್ ಕಂತು)

‘ಅಸೈನ್‌ಮೆಂಟ್: ಅರ್ಥ್’ ಅಮೆರಿಕದ ವೈಜ್ಞಾನಿಕ ಕಥಾ ಧಾರಾವಾಹಿ ‘ಸ್ಟಾರ್ ಟ್ರೆಕ್’ನ ಎರಡನೆಯ ಸೀಸನ್ನಿನ 26ನೆಯ ಹಾಗೂ ಕೊನೆಯ ಕಂತು. ಎನ್‌ಬಿಸಿ ವಾಹಿನಿಯಲ್ಲಿ 1968ರ ಮಾರ್ಚ್ 29ರಂದು ಮೊದಲ ಸಲ ಪ್ರಸಾರವಾಯಿತು. ಕಥೆ ಧಾರಾವಾಹಿಯ ಜನಕ ಜೀನ್ ರಾಡನ್‌ಬೆರಿ ಮತ್ತು ಆರ್ಟ್ ವಾಲೆಸ್ ಅವರದು, ಚಿತ್ರಕಥೆ ವಾಲೆಸ್ ಅವರದು, ನಿರ್ದೇಶನ ಮಾರ್ಕ್ ಡೇನಿಯಲ್ಸ್ ಅವರದು. ಗ್ಯಾರಿ ಸೆವೆನ್ ಎಂಬ ನಿಗೂಢ ವ್ಯಕ್ತಿಯನ್ನು ನಾಯಕನನ್ನಾಗಿಸಿ ಬೇರೊಂದು ಧಾರಾವಾಹಿ ಆರಂಭಿಸಬೇಕೆಂಬ ಉದ್ದೇಶದಿಂದಲೇ ತಯಾರಾದ ಕಂತು ಇದು. ಆ ಧಾರಾವಾಹಿ ಹುಟ್ಟಲೇ ಇಲ್ಲ. ಈ ಒಂದೇ ಕಂತಿನಲ್ಲಿ ಬಂದುಹೋದ ಪಾತ್ರಗಳನ್ನು ಮಾತ್ರ ಅಭಿಮಾನಿಗಳು ಮರೆಯಲಿಲ್ಲ.

ಅಮೆರಿಕದ ಟೆಲಿವಿಷನ್ ಲೋಕದಲ್ಲಿ ಹೊಸ ಧಾರಾವಾಹಿಯನ್ನು ವಾಹಿನಿಗೆ ಮಾರಲು ಮಾದರಿ ಕಂತೊಂದನ್ನು ತಯಾರಿಸಿ ತೋರಿಸುವ ಪದ್ಧತಿಯಿದೆ. ಇದಕ್ಕೆ ಪೈಲಟ್ ಎನ್ನುತ್ತಾರೆ. ವಾಹಿನಿ ಒಪ್ಪದಿದ್ದರೆ ಹಾಕಿದ ಹಣವೆಲ್ಲ ನೀರುಪಾಲು. ಈ ನಷ್ಟ ತಪ್ಪಿಸಲು ನಿರ್ಮಾಪಕರು ಕಂಡುಕೊಂಡ ಉಪಾಯವೇ ಹಿಂಬಾಗಿಲ ಪೈಲಟ್. ಆಗಲೇ ನಡೆಯುತ್ತಿರುವ ಧಾರಾವಾಹಿಯ ಒಂದು ಕಂತಿಗೆ ಹೊಸ ಪಾತ್ರಗಳನ್ನು ಅತಿಥಿಗಳಂತೆ ಕರೆತಂದರೆ, ಯೋಜನೆ ಬಿದ್ದುಹೋದರೂ ಒಂದು ಕಂತಾದರೂ ಕೈಗೆ ಸಿಗುತ್ತದೆ. 1960ರಲ್ಲಿ ‘ದ ಡ್ಯಾನಿ ಥಾಮಸ್ ಶೋ’ದ ಒಂದು ಕಂತಿನಿಂದ ‘ದ ಆ್ಯಂಡಿ ಗ್ರಿಫಿತ್ ಶೋ’ ಹುಟ್ಟಿದ್ದು ಹೀಗೆಯೇ.

‘ಅಸೈನ್‌ಮೆಂಟ್: ಅರ್ಥ್’ ಸ್ಟಾರ್ ಟ್ರೆಕ್‌ಗಾಗಿ ಹೊಳೆದ ಕಥೆಯಲ್ಲ. 1966ರ ಸೆಪ್ಟೆಂಬರಿನಲ್ಲಿ ಸ್ಟಾರ್ ಟ್ರೆಕ್ ಶುರುವಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ರಾಡನ್‌ಬೆರಿ ಇದೇ ಹೆಸರಿನ ಅರ್ಧ ಗಂಟೆಯ ಸ್ವತಂತ್ರ ಪೈಲಟ್ ಬರೆದಿದ್ದರು. ಅದರಲ್ಲಿ ಸ್ಟಾರ್ ಟ್ರೆಕ್‌ನ ಬಾಹ್ಯಾಕಾಶ ನೌಕೆ ಎಂಟರ್‌ಪ್ರೈಸ್ ಕೂಡ ಇರಲಿಲ್ಲ, ಅದರ ಕ್ಯಾಪ್ಟನ್ ಕರ್ಕ್, ಅವನ ಸಹಾಧಿಕಾರಿ ಸ್ಪಾಕ್ ಕೂಡ ಇರಲಿಲ್ಲ. ಅದನ್ನು ಕೊಳ್ಳುವವರು ಸಿಗಲಿಲ್ಲ. ಮುಂದೆ ಸ್ಟಾರ್ ಟ್ರೆಕ್ಕೇ ನಿಂತುಹೋಗುವ ಭಯ ಎದುರಾದಾಗ ಹಳೆಯ ಹಸ್ತಪ್ರತಿ ಹೊರಬಂತು. ವಾಲೆಸ್ ಜೊತೆ ಕೂತು ಕಥೆಯನ್ನು ಹೊಸದಾಗಿ ಹೆಣೆದು ಎಂಟರ್‌ಪ್ರೈಸ್ ಅನ್ನು ಅದರೊಳಗೆ ತಂದರು. ಒಂದು ಮನೆ ಕುಸಿಯುವ ಮೊದಲೇ ಇನ್ನೊಂದಕ್ಕೆ ಪಾಯ ತೋಡಿಡುವ ಕೆಲಸ ಅದಾಗಿತ್ತು. ಆದರೆ ಅಭಿಮಾನಿಗಳ ಪತ್ರಗಳ ಮಹಾಪೂರದ ಬಳಿಕ, ಈ ಕಂತು ಪ್ರಸಾರವಾಗುವುದಕ್ಕೆ ನಾಲ್ಕು ವಾರ ಮೊದಲೇ, ಸ್ಟಾರ್ ಟ್ರೆಕ್ ಮುಂದುವರಿಯುತ್ತದೆ ಎಂದು ಎನ್‌ಬಿಸಿ ಪ್ರಕಟಿಸಿತು. ಹಳೆಯ ಮನೆ ಉಳಿಯಿತು, ಹೊಸದು ಏಳಲಿಲ್ಲ.

ಕಥೆ ಹೀಗಿದೆ. ಇತಿಹಾಸದ ಸಂಶೋಧನೆಗಾಗಿ ಎಂಟರ್‌ಪ್ರೈಸ್ 1968ರ ಭೂಮಿಗೆ ಬಂದಿದೆ. ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷಗಳಾಚೆಯಿಂದ ಬರುತ್ತಿದ್ದ, ಮನುಷ್ಯರನ್ನು ಕ್ಷಣದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಟ್ರಾನ್ಸ್‌ಪೋರ್ಟರ್ ಕಿರಣವೊಂದು ನೌಕೆಗೆ ಸಿಕ್ಕಿಕೊಳ್ಳುತ್ತದೆ. ಅದರಿಂದ ಕಪ್ಪು ಬೆಕ್ಕನ್ನು ಎತ್ತಿಕೊಂಡ, ಅಚ್ಚುಕಟ್ಟಾದ ಸೂಟು ತೊಟ್ಟ ಒಬ್ಬ ಮನುಷ್ಯ ಇಳಿಯುತ್ತಾನೆ. ಅವನೇ ಗ್ಯಾರಿ ಸೆವೆನ್. ಸಾವಿರಾರು ವರ್ಷಗಳ ಹಿಂದೆ ಅನ್ಯಲೋಕದವರು ಭೂಮಿಯಿಂದ ಕರೆದೊಯ್ದ ಮನುಷ್ಯರ ವಂಶದವನು. ಭೂಮಿ ತನ್ನನ್ನು ತಾನೇ ಸುಟ್ಟುಕೊಳ್ಳದಂತೆ ನೋಡಿಕೊಳ್ಳಲು ತರಬೇತಿ ಪಡೆದು ಬಂದವನು. ಅವನ ಮಾತು ನಿಜವೋ ಸುಳ್ಳೋ ಎಂದು ತಿಳಿಯುವ ದಾರಿ ಕರ್ಕ್‌ಗಿಲ್ಲ, ಹಾಗಾಗಿ ಸೆರೆಯಲ್ಲಿಡುತ್ತಾನೆ. ಎಂಥವರನ್ನೂ ಕ್ಷಣದಲ್ಲಿ ಕೆಡವುವ ಸ್ಪಾಕ್‌ನ ಕತ್ತಿನ ಹಿಡಿತವೂ ಸೆವೆನ್ ಮೇಲೆ ನಾಟುವುದಿಲ್ಲ. ಪೆನ್ನಿನಷ್ಟೇ ದೊಡ್ಡದಾದ ‘ಸರ್ವೊ’ ಎಂಬ ಸಾಧನದಿಂದ ಸೆರೆ ತಪ್ಪಿಸಿಕೊಂಡು ಅವನು ನ್ಯೂಯಾರ್ಕಿನ ಕಚೇರಿಯೊಂದಕ್ಕೆ ಇಳಿಯುತ್ತಾನೆ. ಅಲ್ಲಿರಬೇಕಿದ್ದ ಇಬ್ಬರು ಏಜೆಂಟರು ಕಾಣೆಯಾಗಿದ್ದಾರೆ. ಅವರು ರಸ್ತೆ ಅಪಘಾತದಲ್ಲಿ ಸತ್ತರೆಂದು ಆಮೇಲೆ ಗೊತ್ತಾಗುತ್ತದೆ. ಭೂಮಿಯನ್ನು ಕಾಯಲು ಬಂದವರು ಇಷ್ಟು ಸಾಧಾರಣವಾಗಿ ಸತ್ತರೆಂಬ ಈ ಸಣ್ಣ ಸಂಗತಿ ಕಥೆಗೆ ಅನಿರೀಕ್ಷಿತವಾದ ತೂಕ ಕೊಡುತ್ತದೆ.

ಕಚೇರಿಯ ಕಾರ್ಯದರ್ಶಿ ರಾಬರ್ಟಾ ಲಿಂಕನ್ ಕೆಲಸಕ್ಕೆ ಬರುವಲ್ಲಿಂದ ಕಂತಿಗೆ ಜೀವ ಬರುತ್ತದೆ. ತನ್ನ ಏಜೆಂಟರಲ್ಲಿ ಒಬ್ಬಳು ಇವಳೇ ಎಂದು ಭಾವಿಸಿದ ಸೆವೆನ್ ವರದಿ ಒಪ್ಪಿಸು ಎನ್ನುತ್ತಾನೆ. ಇವಳಿಗೆ ತಲೆಬುಡ ತಿಳಿಯದು. ಮೇಜಿನ ಮೇಲಿನ ಟೈಪ್‌ರೈಟರ್ ಅವಳು ಆಡಿದ್ದನ್ನೆಲ್ಲ ತಾನಾಗಿಯೇ ಹೊಡೆಯತೊಡಗುತ್ತದೆ. ಬೆಚ್ಚಿ ಅವಳು ಇನ್ನೇನೋ ಅನ್ನುತ್ತಾಳೆ, ಯಂತ್ರ ಅದನ್ನೂ ಹೊಡೆದಿಡುತ್ತದೆ. ಗೋಡೆಯ ಮರೆಯಿಂದ ‘ಬೀಟಾ 5’ ಎಂಬ ಮಾತಾಡುವ ಕಂಪ್ಯೂಟರ್ ಹೊರಳಿ ಬರುತ್ತದೆ, ತಿಜೋರಿಯ ಬಾಗಿಲ ಹಿಂದೆ ಹೊಗೆ ತುಂಬಿದ ಮಾರ್ಗವೊಂದು ತೆರೆದುಕೊಳ್ಳುತ್ತದೆ. ಇವನ್ನೆಲ್ಲ ಅವಳ ಕಣ್ಣಿನಿಂದ ನೋಡುವುದರಿಂದಲೇ ಪ್ರೇಕ್ಷಕನಿಗೂ ಬೆರಗು. ಈ ಪ್ರಪಂಚಕ್ಕೆ ಸಹಾಯ ಬೇಕು ಎಂಬುದು ತನಗೆ ಗೊತ್ತು, ತನ್ನ ವಯಸ್ಸಿನವರು ದಂಗೆಯೇಳುವುದು ಅದಕ್ಕೇ, ಮೂವತ್ತು ತುಂಬುವವರೆಗೆ ಬದುಕಿರುತ್ತೇವೋ ಇಲ್ಲವೋ ಎಂಬ ಅನುಮಾನ ತಮ್ಮನ್ನು ಕಾಡುತ್ತದೆ ಎಂದು ಅವಳು ಹೇಳಿಕೊಳ್ಳುವ ಗಳಿಗೆಯೊಂದಿದೆ. ವಿಯೆಟ್ನಾಂ ಯುದ್ಧ ಮತ್ತು ಅಣುಬಾಂಬಿನ ನೆರಳಲ್ಲಿ ಬೆಳೆದ ಒಂದಿಡೀ ಪೀಳಿಗೆಯ ದನಿ ಅದು.

ಸೆವೆನ್ ಮಾಡಬೇಕಾದ ಕೆಲಸ: ಅಣ್ವಸ್ತ್ರವನ್ನು ಭೂಕಕ್ಷೆಗೆ ಸೇರಿಸಲು ಅಮೆರಿಕ ಹಾರಿಸುತ್ತಿರುವ ರಾಕೆಟ್ ದಾರಿ ತಪ್ಪುವಂತೆ ಮಾಡಿ, ನೆಲ ಮುಟ್ಟುವ ಮೊದಲೇ ಆಕಾಶದಲ್ಲಿ ಸಿಡಿಸಿ, ದೇಶಗಳಿಗೆ ಬುದ್ಧಿ ಬರುವಷ್ಟು ಹೆದರಿಸುವುದು. ಅವನು ಉಡಾವಣಾ ಗೋಪುರವೇರಿ ರಾಕೆಟ್ಟಿನ ತಂತಿಗಳಿಗೆ ಕೈಹಾಕಿದ್ದಾಗಲೇ ರಾಬರ್ಟಾ ಗೊತ್ತಿಲ್ಲದೆ ತಿಜೋರಿಯ ಯಂತ್ರವನ್ನು ಮುಟ್ಟಿ ಅವನನ್ನು ಕಚೇರಿಗೆ ವಾಪಸು ಎಳೆದುಬಿಡುತ್ತಾಳೆ. ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ದಾರಿ ತಪ್ಪಿದ ರಾಕೆಟ್ ಯುರೋಪ್-ಏಷ್ಯಾ ಭೂಖಂಡದತ್ತ ಬೀಳತೊಡಗುತ್ತದೆ. ಬೆನ್ನಟ್ಟಿ ಕಚೇರಿಗೆ ಬಂದ ಕರ್ಕ್‌ಗೆ, ತನ್ನನ್ನು ಬಿಟ್ಟರೆ ಸಿಡಿಸಬಲ್ಲೆ ಎನ್ನುತ್ತಾನೆ ಸೆವೆನ್. ಅವನನ್ನು ನಂಬುವುದೇ, ತಡೆಯುವುದೇ? ಕರ್ಕ್ ಸ್ಪಾಕ್‌ನತ್ತ ನೋಡುತ್ತಾನೆ. ಆಧಾರಗಳಿಲ್ಲದೆ ತರ್ಕ ಕೆಲಸ ಮಾಡದು, ಇಲ್ಲಿ ಮನುಷ್ಯನ ಅಂತಃಪ್ರೇರಣೆಯೇ ಗತಿ ಎಂದು ತರ್ಕವೇ ಉಸಿರಾದ ಸ್ಪಾಕ್ ಒಪ್ಪಿಕೊಳ್ಳುತ್ತಾನೆ. ಕರ್ಕ್ ನಂಬುತ್ತಾನೆ. ಸಿಡಿತಲೆ ನೆಲದಿಂದ 104 ಮೈಲು ಎತ್ತರದಲ್ಲಿ ಸ್ಫೋಟಗೊಳ್ಳುತ್ತದೆ. ಇಡೀ ಕಂತಿನ ತಿರುಳು ಈ ಒಂದು ನಿಮಿಷದಲ್ಲಿದೆ: ಒಂದೇ ಭೂಮಿಯನ್ನು ಉಳಿಸಲು ಹೊರಟ ಇಬ್ಬರು ಪರಸ್ಪರ ಅಪರಿಚಿತರು, ನಡುವೆ ಯಾವ ಪುರಾವೆಯೂ ಇಲ್ಲದ ನಂಬಿಕೆ.

ಕಕ್ಷೆಯಲ್ಲಿ ಅಣ್ವಸ್ತ್ರ ಎಂಬುದು ಅಂದಿನ ಕಾಲಕ್ಕೆ ಬರಿಯ ಕಲ್ಪನೆಯಾಗಿರಲಿಲ್ಲ. ಅದನ್ನು ನಿಷೇಧಿಸುವ ಬಾಹ್ಯಾಕಾಶ ಒಪ್ಪಂದ ಜಾರಿಗೆ ಬಂದದ್ದು 1967ರ ಅಕ್ಟೋಬರ್ 10ರಂದು, ಕಂತಿನ ಪ್ರಸಾರಕ್ಕೆ ಆರು ತಿಂಗಳೂ ಇರದಾಗ. ಕಥೆಯ ಉಡಾವಣಾ ನೆಲೆಗೆ ಮ್ಯಾಕಿನ್ಲಿ ಎಂಬ ಹೆಸರಿದ್ದರೂ ಪರದೆಯ ಮೇಲೆ ಕಾಣುವುದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರವೇ. ಸುಮಾರು 110 ಮೀಟರ್ ಎತ್ತರದ ಸ್ಯಾಟರ್ನ್ 5 ರಾಕೆಟ್ಟಿನ ನಾಸಾ ಚಿತ್ರಗಳನ್ನು ಧಾರಾಳವಾಗಿ ಬಳಸಲಾಗಿದೆ. ಅವುಗಳಲ್ಲಿ 1967ರ ನವೆಂಬರ್ 9ರ ಅಪೋಲೊ 4 ಉಡಾವಣೆಯ ದೃಶ್ಯಗಳೂ ಸೇರಿವೆ. ರಾಕೆಟ್ ಹಾರುವ ದಿನವೇ ಮಹತ್ವದ ಹತ್ಯೆಯೊಂದು ನಡೆಯಲಿದೆ ಎಂದು ಕಥೆಯಲ್ಲಿ ಸ್ಪಾಕ್ ಹೇಳುತ್ತಾನೆ. ಪ್ರಸಾರವಾದ ಆರನೆಯ ದಿನ, 1968ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಅದೇ ದಿನ ಹಾರಿದ ಅಪೋಲೊ 6ರ ಸ್ಯಾಟರ್ನ್ 5 ರಾಕೆಟ್ಟಿನ ಎರಡನೆಯ ಹಂತದಲ್ಲಿ ಎರಡು ಎಂಜಿನ್‌ಗಳು ಅವಧಿಗೆ ಮೊದಲೇ ನಿಂತುಹೋದವು. ಇದು ಕಾಕತಾಳೀಯವೇ ಹೌದು, ಆದರೂ ತಿಳಿದ ಮೇಲೆ ಈ ಕಂತನ್ನು ನೋಡುವಾಗ ಮೈ ಜುಮ್ಮೆನ್ನುತ್ತದೆ.

ಸೆವೆನ್ ಪಾತ್ರ ವಹಿಸಿದ ರಾಬರ್ಟ್ ಲ್ಯಾನ್ಸಿಂಗ್ ಆಗಲೇ ‘ಟ್ವೆಲ್ವ್ ಓ’ಕ್ಲಾಕ್ ಹೈ’ ಧಾರಾವಾಹಿಯಿಂದ ಪರಿಚಿತರು. ರಾಬರ್ಟಾ ಆಗಿ ನಟಿಸಿದ ಟೆರಿ ಗಾರ್ ಅದುವರೆಗೆ ಹೆಚ್ಚಾಗಿ ನೃತ್ಯದ ಸಾಲಿನಲ್ಲಿ ಕಾಣಿಸಿಕೊಂಡವರು. ಮುಂದೆ ‘ಯಂಗ್ ಫ್ರಾಂಕನ್‌ಸ್ಟೈನ್’ (1974) ಚಿತ್ರದಿಂದ ಹೆಸರಾಗಿ, ‘ಟುಟ್ಸಿ’ (1982) ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದರು. ಬೀಟಾ 5ಕ್ಕೂ ಬೆಕ್ಕಿಗೂ ದನಿ ಕೊಟ್ಟವರು ಬಾರ್ಬರಾ ಬ್ಯಾಬ್‌ಕಾಕ್. ಐಸಿಸ್ ಎಂಬ ಆ ಬೆಕ್ಕು ಸೆವೆನ್‌ನ ಹೆಗಲೇರಿ ಕೂತು ಅವನೊಡನೆ ಸಂಭಾಷಿಸುತ್ತದೆ. ಸ್ಪಾಕ್ ಕೂಡ ಅದನ್ನು ಎತ್ತಿಕೊಂಡು ಸವರುತ್ತಾನೆ. ಕೊನೆಯ ದೃಶ್ಯದಲ್ಲಿ ಕ್ಷಣಕಾಲ ಅದು ಕಪ್ಪು ಉಡುಪಿನ ಹೆಂಗಸಾಗಿ ಕಾಣುತ್ತದೆ, ರಾಬರ್ಟಾ ಮತ್ತೊಮ್ಮೆ ನೋಡುವಷ್ಟರಲ್ಲಿ ಬರಿಯ ಬೆಕ್ಕು. ಆ ಹೆಂಗಸು ವಿಕ್ಟೋರಿಯಾ ವೆಟ್ರಿ ಎಂದೇ ದಶಕಗಳ ಕಾಲ ನಂಬಲಾಗಿತ್ತು. ನಟಿ ಏಪ್ರಿಲ್ ಟಾಟ್ರೊ ಎಂಬುದು ಬಹಳ ತಡವಾಗಿ ಖಚಿತವಾಯಿತು.

ಸ್ಟಾರ್ ಟ್ರೆಕ್‌ನ ಕಂತಾಗಿ ಅಳೆದರೆ ಇದರ ಕೊರತೆ ಎದ್ದು ಕಾಣುತ್ತದೆ. ಕರ್ಕ್, ಸ್ಪಾಕ್ ಬಹುಪಾಲು ಕಾಲ ಬೇರೆಯವರ ಕಥೆಯ ಹೊಸ್ತಿಲಲ್ಲಿ ನಿಂತು ನೋಡುತ್ತಾರೆ, ಒಮ್ಮೆ ಪೊಲೀಸರ ಕೈಗೂ ಸಿಕ್ಕುತ್ತಾರೆ. ಸೆವೆನ್‌ನನ್ನು ಕಳಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರವಿಲ್ಲ, ಅದನ್ನು ಬರಲಿರುವ ಧಾರಾವಾಹಿಗೆಂದು ಎತ್ತಿಡಲಾಗಿತ್ತು. ಸೆವೆನ್ ಮತ್ತು ರಾಬರ್ಟಾರ ಮುಂದೆ ಇನ್ನೂ ಸ್ವಾರಸ್ಯಕರ ಅನುಭವಗಳಿವೆ ಎಂಬ ಭರವಸೆಯೊಂದಿಗೆ ಕಂತು ಮುಗಿಯುತ್ತದೆ.

ಆ ಅನುಭವಗಳನ್ನು ಬರೆಯುವ ಕೆಲಸ ಕಾದಂಬರಿಕಾರರ ಮತ್ತು ಕಾಮಿಕ್ಸ್ ಕಲಾವಿದರ ಪಾಲಿಗೆ ಬಂತು. ಗ್ರೆಗ್ ಕಾಕ್ಸ್ ಅವರ ‘ಅಸೈನ್‌ಮೆಂಟ್: ಎಟರ್ನಿಟಿ’ (1998) ಕಾದಂಬರಿಯೂ ಜಾನ್ ಬರ್ನ್ ಅವರ ಕಾಮಿಕ್ಸ್ ಮಾಲೆಯೂ (2008) ಇದೇ ಜೋಡಿಯನ್ನು ಮುಂದುವರಿಸಿದವು. ಕಳಿಸಿದವರು ಯಾರು ಎಂಬುದಕ್ಕೆ ಪರದೆಯ ಮೇಲೆ ಉತ್ತರ ಸಿಕ್ಕಿದ್ದು 54 ವರ್ಷಗಳ ಮೇಲೆ, 2022ರಲ್ಲಿ ‘ಸ್ಟಾರ್ ಟ್ರೆಕ್: ಪಿಕಾರ್ಡ್’ನ ಎರಡನೆಯ ಸೀಸನ್ನಿನಲ್ಲಿ. ಸೆವೆನ್‌ನಂಥವರನ್ನು ಅಲ್ಲಿ ‘ಸೂಪರ್‌ವೈಸರ್‌’ಗಳೆಂದು ಕರೆಯಲಾಗಿದೆ. ಅವರನ್ನು ಕಳಿಸುವವರು ಕಾಲ-ದೇಶಗಳನ್ನು ದಾಟಿ ಸಂಚರಿಸುವ ‘ಟ್ರಾವೆಲರ್‌’ಗಳು.