ಆದೋನಿಯ ಮಾತಿನಲ್ಲಿ ‘ಬಿಸ್ಮಿಲ್ಲಾ’

ತಾಳೀಕೋಟೆ ಯುದ್ಧದ (1565) ತರುವಾಯ ಆದೋನಿ ಬಿಜಾಪುರದ ಆದಿಲಶಾಹಿಗೆ ಸೇರಿತು. 1800ರಲ್ಲಿ ಕುಂಪಣಿಗೆ, 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಕಡಿದು ಆಂಧ್ರಕ್ಕೆ. ಅಲ್ಲಿ ಪದಪಟ್ಟಿ ಮಾಡುವಾಗ ‘ಬಿಸ್ಮಿಲ್ಲಾ’, ‘ಇನ್ಶಾ ಅಲ್ಲಾ’ಗಳನ್ನು ‘ಮತದ ಮಾತು, ಕನ್ನಡವಲ್ಲ’ ಎಂದು ನಾನೇ ಹೊಡೆದುಹಾಕಿದ್ದೆ.

‘ಬಿಸ್ಮಿಲ್ಲಾ’ ಎಂದರೆ ಅಲ್ಲಾಹನ ಹೆಸರಿನಲ್ಲಿ. ದಖ್ಖನಿನ ಮುಸ್ಲಿಂ ಮನೆಗಳಲ್ಲಿ ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಓದು ಆರಂಭಿಸುವ ಶಾಸ್ತ್ರಕ್ಕೂ ಅದೇ ಹೆಸರು (ನಮ್ಮ ಅಕ್ಷರಾಭ್ಯಾಸ ಇದ್ದ ಹಾಗೆ). ಅದೇ ಸಂಜೆ ಒಬ್ಬ ಅಜ್ಜಿ ತಾಟು ಮುಂದಿಟ್ಟು, “ಬಿಸ್ಮಿಲ್ಲಾ ಅನ್ನಪ್ಪ, ರೊಟ್ಟಿ ಆರ್ತಾವೆ” ಅಂದರು. ದೇವರ ನೆನಪೂ ಅದರಲ್ಲೇ, ಉಪಚಾರವೂ ಅದರಲ್ಲೇ. ‘ಸುರು ಮಾಡು’ ಎಂದರೆ ಅಷ್ಟೂ ಬಾರದು. ಪದ ಅರಬ್ಬಿಯದಿರಬಹುದು, ‘ಅನ್ನಪ್ಪ’ ಎಲ್ಲಿಯದು?

ಪಟ್ಟಿಯಲ್ಲಿ ಗೆರೆ ಹಾಗೇ ಇದೆ. ಪಕ್ಕದಲ್ಲಿ ಎರಡನ್ನೂ ಮತ್ತೆ ಬರೆದಿದ್ದೇನೆ.